ಎಸ್ಸೆಸ್ಸೆಲ್ಸಿ ಆಯ್ತು, ಮಗನಿಗೆ ಕೈಕೆಲಸ ಚೆನ್ನಾಗಿ ಬರುತ್ತೆ: ಪಿಯುಸಿ ಸೈನ್ಸಾ, ಡಿಪ್ಲೊಮಾನಾ?

ತುಂಗಾತೀರ

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಮಗ ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ. ಒಂದರಿಂದ ಹತ್ತರವರೆಗೂ ಹಳ್ಳಿ ಶಾಲೆ, ಕನ್ನಡ ಮಾಧ್ಯಮ. 625ಕ್ಕೆ 471 ಬಂದಿದೆ. ಗಣಿತ 71, ವಿಜ್ಞಾನ 74, ಸಮಾಜ 81, ಕನ್ನಡ 106, ಇಂಗ್ಲಿಷ್ 62, ಹಿಂದಿ 77.

ಮನೆಯಲ್ಲಿ ಮಿಕ್ಸಿ, ಫ್ಯಾನು, ತೋಟದ ಸ್ಪ್ರೇಯರ್ ಏನು ಕೆಟ್ಟರೂ ಅವನೇ ಬಿಚ್ಚಿ ಕೂರುತ್ತಾನೆ, ಬಹುಪಾಲು ಸರಿನೂ ಮಾಡುತ್ತಾನೆ. ಪುಸ್ತಕ ಹಿಡಿದು ಕೂರೋದು ಮಾತ್ರ ಕಷ್ಟ. ಅವನ ದೊಡ್ಡಪ್ಪ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಕೊಡಿಸು ಅಂತಾರೆ. ಶಿವಮೊಗ್ಗದ ಒಂದು ಕಾಲೇಜಿನವರು ಪಿಯುಸಿ ಜೊತೆಗೇ ನೀಟ್, ಸಿಇಟಿ ಕೋಚಿಂಗ್ ಅಂತ ದೊಡ್ಡ ಮೊತ್ತ ಹೇಳಿದ್ದಾರೆ. ಇವನನ್ನು ಕೇಳಿದರೆ ‘ಏನಾದ್ರೂ ಸರಿ’ ಅಂತಾನೆ. ಈ ಮಧ್ಯೆ ಬೆರಳಚ್ಚು ತೆಗೆದು ಯಾವ ಕೋರ್ಸ್ ಸರಿಹೊಂದುತ್ತೆ ಅಂತ ಹೇಳುವ ಟೆಸ್ಟ್ ಇದೆ, ಮಾಡಿಸಿ ಅಂತ ಒಬ್ಬರು ದುಂಬಾಲು ಬಿದ್ದಿದ್ದಾರೆ.

ಡಿಪ್ಲೊಮಾಗೆ ಹಾಕಿದರೆ ಮುಂದೆ ಎಂಜಿನಿಯರಿಂಗ್ ದಾರಿ ಮುಚ್ಚಿಹೋಗುತ್ತಾ? ಅವನ ಶಕ್ತಿ ಎಲ್ಲಿದೆ ಅಂತ ನಾವೇ ಪರೀಕ್ಷೆ ಮಾಡಿಕೊಳ್ಳೋದು ಹೇಗೆ? ತಿಳಿದವರು ಹೇಳಿ.

ಹೈಸ್ಕೂಲ್ ಮೇಷ್ಟ್ರು

ಮೊದಲು ಬೆರಳಚ್ಚಿನ ಟೆಸ್ಟ್ ವಿಷಯ ಮುಗಿಸಿಬಿಡೋಣ. ದುಡ್ಡು ಕೊಡಬೇಡಿ. ಬೆರಳಿನ ಗೆರೆ ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ ಮುಗಿದಿರುತ್ತೆ. ಅದನ್ನು ನೋಡಿ ಬುದ್ಧಿ ಯಾವ ಕಡೆ ಓಡುತ್ತೆ ಅಂತ ಹೇಳೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ವರದಿ ದಪ್ಪಗಿರುತ್ತೆ, ಬಣ್ಣಬಣ್ಣದ ಚಿತ್ರ ಇರುತ್ತೆ, ಯಾವ ಪುಟ ತೆಗೆದರೂ ಯಾವ ಹುಡುಗನಿಗಾದರೂ ಒಪ್ಪುತ್ತೆ. ಟೆಸ್ಟ್ ಬೇಕೇ ಬೇಕು ಅಂದರೆ ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿಯವರು 9–10ನೇ ತರಗತಿ ಮಕ್ಕಳಿಗೆ ಅಂತ ಮಾಡಿದ ‘ತಮನ್ನಾ’ ಇದೆ. ಪಾಸು ಫೇಲು ಅಂತ ಇಲ್ಲ. ಭಾಷೆ, ಅಂಕಿ, ತರ್ಕ, ಯಂತ್ರಜ್ಞಾನ, ಆಕಾರಗಳ ಗ್ರಹಿಕೆ ಇವನ್ನೆಲ್ಲ ಬೇರೆಬೇರೆಯಾಗಿ ಅಳೆಯುತ್ತೆ. ಆದರೆ ಕನ್ನಡ ಮಾಧ್ಯಮದ ಹುಡುಗನನ್ನು ಇಂಗ್ಲಿಷ್ ಪ್ರಶ್ನೆಪತ್ರಿಕೆ ಮುಂದೆ ಒಬ್ಬನೇ ಕೂರಿಸಿದರೆ ಅವನ ಇಂಗ್ಲಿಷ್ ಎಷ್ಟು ಅಂತ ಗೊತ್ತಾಗುತ್ತೆ, ಅಷ್ಟೇ. ಪ್ರಶ್ನೆಯ ಅರ್ಥ ಹೇಳಿಕೊಡಲು ಪಕ್ಕದಲ್ಲಿ ಒಬ್ಬರು ಇರಲಿ.

ಈಗ ಅಂಕ. 471 ಅನ್ನೋ ಮೊತ್ತದಿಂದ ಏನೂ ಗೊತ್ತಾಗಲ್ಲ. ಗಣಿತ, ವಿಜ್ಞಾನ ಎರಡರಲ್ಲೂ 20 ಅಂಕ ಆಂತರಿಕ ಮೌಲ್ಯಮಾಪನದ್ದು, ಅದು ಬಹುತೇಕ ಎಲ್ಲರಿಗೂ ಪೂರ್ತಿಯ ಹತ್ತಿರ ಬಂದಿರುತ್ತೆ. ಕಳೆದು ನೋಡಿ: ಗಣಿತ 80ಕ್ಕೆ ಸುಮಾರು 51, ವಿಜ್ಞಾನ 54, ಇಂಗ್ಲಿಷ್ 42. ಮಧ್ಯಮ. ಹೆದರುವ ಅಂಕವೂ ಅಲ್ಲ, ನೀಟ್ ಅಂತ ಹೊರಡುವ ಅಂಕವೂ ಅಲ್ಲ. ಇದಕ್ಕಿಂತ ಮುಖ್ಯ, ಅಂಕ ಎಲ್ಲಿ ಹೋಗಿದೆ ಅನ್ನೋದು. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಮಂಡಳಿಗೆ ಅರ್ಜಿ ಹಾಕಬಹುದು. ಫಲಿತಾಂಶದ ನಂತರ ಕೆಲವೇ ದಿನ ಅವಕಾಶ, ತಡ ಮಾಡಬೇಡಿ. ವಿಜ್ಞಾನದ ಪ್ರಶ್ನೆಪತ್ರಿಕೆ ಭೌತ, ರಸಾಯನ, ಜೀವಶಾಸ್ತ್ರ ಅಂತ ಮೂರು ಭಾಗ ಇರುತ್ತಲ್ಲ, ಮೂರಕ್ಕೂ ಬೇರೆಬೇರೆ ಕೂಡಿಸಿ. ವಿದ್ಯುತ್ತಿನ ಲೆಕ್ಕ, ಕಿರಣಚಿತ್ರಗಳು ಸರಿಯಾಗಿದ್ದು ಜೀವಶಾಸ್ತ್ರದ ದೊಡ್ಡ ಉತ್ತರಗಳಲ್ಲಿ ಅಂಕ ಹೋಗಿದ್ದರೆ ದೊಡ್ಡಪ್ಪನವರ ಪಿಸಿಎಂಬಿ ಪ್ರಶ್ನೆ ಅಲ್ಲಿಗೇ ಮುಗಿಯಿತು. ಗಣಿತದಲ್ಲಿ ಪ್ರಮೇಯ ಬಾಯಿಪಾಠ ಮಾಡಿ ಬರೆದು, ಮಾತಿನ ರೂಪದ ಸಮಸ್ಯೆಗಳನ್ನು ಮುಟ್ಟದೆ ಬಿಟ್ಟಿದ್ದರೆ ಪಿಯುಸಿ ಆಗಲಿ ಡಿಪ್ಲೊಮಾ ಆಗಲಿ ಮೊದಲ ವರ್ಷ ಒದ್ದಾಟ ಇದೆ. ಈ ರಜೆಯಲ್ಲೇ ಅದರ ಮೇಲೆ ಕೂರಿಸಬೇಕು.

‘ಏನಾಗ್ತೀಯ’ ಅಂತ ಕೇಳಬೇಡಿ. ಹದಿನಾರರ ಹುಡುಗ ನೋಡಿರೋ ಕೆಲಸಗಳೇ ಹತ್ತು ಹನ್ನೆರಡು, ‘ಏನಾದ್ರೂ ಸರಿ’ ಅನ್ನದೆ ಇನ್ನೇನು ಹೇಳ್ತಾನೆ? ಅವನು ರಿಪೇರಿ ಮಾಡುವಾಗ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ. ಮಿಕ್ಸಿಯನ್ನೇ ತಗೊಳ್ಳಿ. ತಿರುಗುತ್ತಿಲ್ಲ ಅಂದ ತಕ್ಷಣ ಸ್ಕ್ರೂಡ್ರೈವರ್ ಹಿಡಿಯುತ್ತಾನೋ, ಮೊದಲು ತಳದಲ್ಲಿರುವ ಓವರ್‌ಲೋಡ್ ಬಟನ್ ಒತ್ತಿ ನೋಡುತ್ತಾನೋ? ಪ್ಲಗ್ ತೆಗೆದೇ ಬಿಚ್ಚುತ್ತಾನಾ? ಮೋಟಾರಿಗೂ ಜಾರಿಗೂ ಕೊಂಡಿಯಾಗಿರುವ ಕಪ್ಲರ್‌ನ ಹಲ್ಲು ಸವೆದಿದೆ, ಹೊಸದು ಹಾಕಿದ, ಓಡಿತು ಅಂದುಕೊಳ್ಳಿ. ಅಲ್ಲಿಗೆ ಬಿಡುತ್ತಾನಾ, ಅಥವಾ ಜಾರನ್ನು ತಲೆಕೆಳಗು ಮಾಡಿ ಬ್ಲೇಡನ್ನು ಕೈಯಲ್ಲಿ ತಿರುಗಿಸಿ ‘ಬುಷ್ ಬಿಗಿಯಾಗಿದೆ, ಅದಕ್ಕೇ ಹಲ್ಲು ಸವೆಯುತ್ತಿದೆ, ಹೊಸ ಕಪ್ಲರ್ ಕೂಡ ಇಷ್ಟರಲ್ಲೇ ಹೋಗುತ್ತೆ’ ಅಂತಾನಾ? ಮೊದಲನೆಯವನು ಒಳ್ಳೆ ಮೆಕ್ಯಾನಿಕ್ ಆಗ್ತಾನೆ, ಅವನಿಗೆ ಐಟಿಐ ಥರದ ತರಬೇತಿ ಚೆನ್ನಾಗಿ ಕೂರುತ್ತೆ. ಎರಡನೆಯವನಿಗೆ ಕಾರಣ ಬೇಕು. ಅವನನ್ನು ಡಿಪ್ಲೊಮಾ, ಎಂಜಿನಿಯರಿಂಗ್ ಕಡೆ ಧೈರ್ಯವಾಗಿ ಕಳಿಸಬಹುದು. ಯೂಟ್ಯೂಬ್ ನೋಡಿ ಹಾಗೇ ಮಾಡಿದರೆ ಎರಡರಲ್ಲಿ ಯಾವುದೂ ಗೊತ್ತಾಗಲ್ಲ, ವಿಡಿಯೋ ಸಿಗದ ಹಳೇ ಯಂತ್ರ ಕೊಟ್ಟು ನೋಡಿ.

ಇನ್ನೊಂದು. ಬಟ್ಟೆ ಸೋಪಿನ ಬಾರಿನಲ್ಲಿ ಮೆಟ್ಟಿಲಿನ ಥರ ಎರಡು ಕಡೆ ಕತ್ತರಿಸಿ, ಒಂದು ಮೂಲೆ ಓರೆಯಾಗಿ ಹೆರೆದು ಅವನ ಮುಂದಿಡಿ. ಮೇಲಿನಿಂದ, ಎದುರಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತೆ, ಮೂರು ಚಿತ್ರ ಬರಿ ಅನ್ನಿ. ಅಳತೆ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ಮೂರೂ ಒಂದಕ್ಕೊಂದು ಹೊಂದುವ ಹಾಗೆ ಬಂದರೆ ಎಂಜಿನಿಯರಿಂಗ್ ಡ್ರಾಯಿಂಗ್ ಅವನನ್ನು ಕಾಡಲ್ಲ. ಮೆಕ್ಯಾನಿಕಲ್, ಸಿವಿಲ್ ಎರಡಕ್ಕೂ ಅದೇ ಬುನಾದಿ. ಮೊದಲ ಸಲಕ್ಕೇ ಬರದಿದ್ದರೆ ಕೈಬಿಡಬೇಡಿ, ಒಂದು ವಾರ ಬೇರೆಬೇರೆ ಆಕಾರ ಕೊಡಿ. ಕಲಿಯುವ ವೇಗ ಎಷ್ಟಿದೆ ಅಂತ ಆಗ ಕಾಣುತ್ತೆ.

ಪಾಲಿಟೆಕ್ನಿಕ್ ಕಾರಿಡಾರ್

ಡಿಪ್ಲೊಮಾ ಮಾಡಿದರೆ ಎಂಜಿನಿಯರಿಂಗ್ ದಾರಿ ಮುಚ್ಚಲ್ಲ ಸರ್. ಲೆಕ್ಕ ಹಾಕಿ: ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಆಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಸಿಇಟಿ, ಬರೆದು ನೇರ ಬಿಇ ಎರಡನೇ ವರ್ಷಕ್ಕೆ, ಅಲ್ಲಿ 3 ವರ್ಷ. ಅದೂ 6. ವ್ಯತ್ಯಾಸ ಏನು ಅಂದರೆ ಈ ದಾರಿಯಲ್ಲಿ ಮೂರನೇ ವರ್ಷಕ್ಕೆ ಕೈಯಲ್ಲಿ ಒಂದು ಅರ್ಹತೆ ಇರುತ್ತೆ. ಪಿಯುಸಿ ಸೈನ್ಸ್ ಮುಗಿಸಿ ಅಲ್ಲೇ ನಿಂತರೆ ಅದರ ಮೇಲೆ ಸಿಗುವ ಕೆಲಸ ಕಡಿಮೆ.

ಮುಚ್ಚುವ ಬಾಗಿಲೂ ಇದೆ, ಅದನ್ನೂ ಹೇಳಬೇಕು. ಜೀವಶಾಸ್ತ್ರ ಪೂರ್ತಿ ಹೋಗುತ್ತೆ, ಅಂದರೆ ವೈದ್ಯಕೀಯ, ನರ್ಸಿಂಗ್, ಕೃಷಿ ಪದವಿ ಯಾವುದೂ ಈ ಕಡೆಯಿಂದ ಇಲ್ಲ. ಡಿಸಿಇಟಿಯಲ್ಲಿ ಒಳ್ಳೆ ಕಾಲೇಜಿನ ಸೀಟು ಕಡಿಮೆ, ಪೈಪೋಟಿ ಜೋರು. ಎಲ್ಲಕ್ಕಿಂತ ದೊಡ್ಡ ತೊಡಕು ಬಿಇ ಮೂರನೇ ಸೆಮಿಸ್ಟರಿನ ಗಣಿತ. ಪಿಯುಸಿಯಿಂದ ಬಂದವರು ಎರಡು ವರ್ಷ ಕ್ಯಾಲ್ಕುಲಸ್ ತಿಕ್ಕಿ, ಬಿಇ ಮೊದಲ ವರ್ಷದಲ್ಲೂ ಮಾಡಿ ಬಂದಿರುತ್ತಾರೆ. ಡಿಪ್ಲೊಮಾ ಹುಡುಗರು ಲ್ಯಾಬಿನಲ್ಲಿ ಮುಂದೆ, ಗಣಿತದಲ್ಲಿ ಹಿಂದೆ. ಸಾಮಾನ್ಯವಾಗಿ ಎಡವೋದು ಅಲ್ಲೇ. ಬಿಇ ಮಾಡಿಸುವ ಯೋಚನೆ ಇದ್ದರೆ ಡಿಪ್ಲೊಮಾ ಎರಡನೇ ವರ್ಷದಿಂದಲೇ ಪಿಯುಸಿ ಗಣಿತದ ಪುಸ್ತಕ ತಂದು ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಅಧ್ಯಾಯಗಳನ್ನು ವಾರಕ್ಕೆರಡು ಸಂಜೆ ಮಾಡಿಸಿ.

ಬ್ರಾಂಚ್ ಆಯ್ಕೆಯಲ್ಲಿ ಜನ ತಪ್ಪೋದು ಎಲ್ಲಿ ಗೊತ್ತಾ? ಕಟ್ ಆಫ್ ಯಾವುದಕ್ಕೆ ಮೇಲಿದೆ ನೋಡಿ ಅದನ್ನೇ ಮೊದಲು ಹಾಕುತ್ತಾರೆ, ಅಂದರೆ ಕಂಪ್ಯೂಟರ್ ಸೈನ್ಸ್. ಬಿಚ್ಚಿ ಜೋಡಿಸೋದರಲ್ಲಿ ಖುಷಿ ಕಾಣುವ ಹುಡುಗನನ್ನು ದಿನವಿಡೀ ಪರದೆ ಮುಂದೆ ಕೂರಿಸಿದರೆ ಎರಡನೇ ಸೆಮಿಸ್ಟರಿಗೇ ಬೇಜಾರು ಶುರು. ನಿಮ್ಮ ಮಗ ಫ್ಯಾನು, ಮಿಕ್ಸಿ ಮೋಟಾರಿನ ಕಡೆ ಹೋದರೆ ಎಲೆಕ್ಟ್ರಿಕಲ್, ಸ್ಪ್ರೇಯರಿನ ಎಂಜಿನ್ ಕಡೆ ಹೋದರೆ ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್. ಎಲೆಕ್ಟ್ರಿಕಲ್ ಏಣಿ ನಿಮ್ಮ ಊರಲ್ಲೇ ಕಾಣುತ್ತೆ: ಕಂಬ ಹತ್ತುವ ಪರೀಕ್ಷೆ ಪಾಸಾದ ಪವರ್‌ಮ್ಯಾನ್‌ಗೆ ಎಸ್ಸೆಸ್ಸೆಲ್ಸಿ ಸಾಕು, ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಮತ್ತು ಎಸ್ಕಾಂಗಳ (ಮೆಸ್ಕಾಂ ಥರದ ವಿದ್ಯುತ್ ಸರಬರಾಜು ಕಂಪನಿಗಳು) ಜೂನಿಯರ್ ಎಂಜಿನಿಯರ್‌ಗೆ ಎಲೆಕ್ಟ್ರಿಕಲ್ ಡಿಪ್ಲೊಮಾ, ಅಸಿಸ್ಟೆಂಟ್ ಎಂಜಿನಿಯರ್‌ಗೆ ಬಿಇ. ಮೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಮೂವರೂ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಅಂತ ನೋಡಿಬರಲಿ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೇದು, ಕೆಲಸದ ನಿಜವಾದ ಬಣ್ಣ ಗೊತ್ತಾಗುತ್ತೆ.

ಬಣ್ಣ ಅಂದಾಗ ನೆನಪಾಯ್ತು, ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಈಗಲೇ ಮಾಡಿಸಿ. ಚುಕ್ಕೆಗಳ ನಡುವೆ ಅಂಕಿ ಓದಿಸುವ ಇಶಿಹಾರ ಪುಸ್ತಕ, ಐದು ನಿಮಿಷದ ಕೆಲಸ. ಬಣ್ಣಗುರುಡು ಗಂಡುಮಕ್ಕಳಲ್ಲೇ ಹೆಚ್ಚು, ಇರೋದು ಅವರಿಗೂ ಗೊತ್ತಿರಲ್ಲ. ಕೆಂಪು, ಹಳದಿ, ನೀಲಿ ಫೇಸ್ ವೈರು ಗುರುತಿಸಲು ಬರದಿದ್ದರೆ ಎಲೆಕ್ಟ್ರಿಕಲ್ ಕೆಲಸ ಜೀವಕ್ಕೇ ಅಪಾಯ. ರೈಲ್ವೆ ಲೋಕೊ ಪೈಲಟ್ ಕೆಲಸಕ್ಕಂತೂ ಕನ್ನಡಕವಿಲ್ಲದೆ ಎರಡೂ ಕಣ್ಣು 6/6 ಇರಬೇಕು, ಬಣ್ಣವೂ ಸರಿಯಾಗಿ ಕಾಣಬೇಕು. ಎಷ್ಟೋ ಹುಡುಗರಿಗೆ ಇದು ಗೊತ್ತಾಗೋದು ಲಿಖಿತ ಪರೀಕ್ಷೆ ಪಾಸಾಗಿ ವೈದ್ಯಕೀಯ ತಪಾಸಣೆಗೆ ಹೋದ ದಿನ.

ಯಂತ್ರದ ಕೆಲಸವೇ ಬೇಕು, ಓದು ಆದಷ್ಟು ಕಡಿಮೆ ಇರಲಿ ಅಂದರೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ನೋಡಿ. 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಈಗ ಹಲವು ಜಿಲ್ಲೆಗಳಲ್ಲಿದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಯ ಅಚ್ಚು, ಉಪಕರಣ ತಯಾರಿಕೆ) ಡಿಪ್ಲೊಮಾ ಮೂರು ವರ್ಷ ಸಂಸ್ಥೆಯಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ. ಶಿಸ್ತು ಬಿಗಿ. ಒಂದು ಕಬ್ಬಿಣದ ತುಂಡನ್ನು ದಿನಗಟ್ಟಲೆ ಅರದಿಂದ ಉಜ್ಜಿ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಅಳತೆಗೆ ತರಬೇಕು. ಆ ತಾಳ್ಮೆ ಇಲ್ಲದವರು ಮೊದಲ ವರ್ಷವೇ ಬಿಟ್ಟು ಹೋಗುತ್ತಾರೆ.

ಐಟಿಐ ಅಂದರೆ ಕೆಳಮಟ್ಟ ಅಂತ ನೋಡಬೇಡಿ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್ 2 ವರ್ಷ, ವೆಲ್ಡರ್ 1 ವರ್ಷ. ಆಮೇಲೆ ಅಪ್ರೆಂಟಿಸ್ ಮಾಡಿದರೆ ಸ್ಟೈಪೆಂಡ್ ಬರುತ್ತೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ಸೈನ್ಸ್ ಮುಗಿಸಿದವರಿಗೂ ಅದೇ ಅವಕಾಶ ಇದೆ.

ಪಿಯು ಭೌತಶಾಸ್ತ್ರ

ಮೇಲಿನವರು ಹೇಳಿದ್ದು ಸರಿ, ಆದರೆ ಪಿಯುಸಿಯನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ಕೈಕೆಲಸ ಚೆನ್ನಾಗಿದೆ ಅಂದಮಾತ್ರಕ್ಕೆ ಓದು ಬರಲ್ಲ ಅಂತಲ್ಲ. ಗಣಿತ 80ಕ್ಕೆ 51 ಬಂದಿರೋದು ಅರ್ಥವಾಗದೆಯೋ, ಅಭ್ಯಾಸ ಸಾಲದೆಯೋ ಅನ್ನೋದು ಉತ್ತರ ಪತ್ರಿಕೆ ನೋಡಿದರೆ ತಿಳಿಯುತ್ತೆ. ದಾರಿ ಸರಿಯಿದ್ದು ಕೂಡೋ ಕಳೆಯೋದರಲ್ಲಿ ತಪ್ಪಿದ್ದರೆ ಅದು ಎರಡು ತಿಂಗಳ ಅಭ್ಯಾಸದಲ್ಲಿ ಸರಿಹೋಗುವ ರೋಗ.

ಪಿಯುಸಿ ಆದರೆ ಪಿಸಿಎಂಬಿಯೇ ಆಗಬೇಕಿಲ್ಲ. ಜೀವಶಾಸ್ತ್ರ ಬೇಡದವನಿಗೆ ಪಿಸಿಎಂಸಿ, ಅಂದರೆ ಕಂಪ್ಯೂಟರ್ ಸೈನ್ಸ್, ಅಥವಾ ಪಿಸಿಎಂಇ, ಅಂದರೆ ಎಲೆಕ್ಟ್ರಾನಿಕ್ಸ್ ಇದೆ. ಪಿಸಿಎಂಇ ಎಲ್ಲ ಕಾಲೇಜಿನಲ್ಲಿ ಇಲ್ಲ, ವಿಚಾರಿಸಬೇಕು. ‘ವೈದ್ಯಕೀಯ, ಎಂಜಿನಿಯರಿಂಗ್ ಎರಡೂ ಇರಲಿ, ಆಮೇಲೆ ನೋಡೋಣ’ ಅಂತ ಪಿಸಿಎಂಬಿ ಕೊಡಿಸುವವರು ಒಂದು ಮರೆಯುತ್ತಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯು ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಇಷ್ಟವಿಲ್ಲದ ಜೀವಶಾಸ್ತ್ರಕ್ಕೆ ಹೋಗುವ ಪ್ರತಿ ಗಂಟೆಯೂ ಆ ಮೂರು ವಿಷಯದ ಪಾಲಿನದು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತ ಇಲ್ಲ. ನೀಟ್ ಬೇರೆಯದೇ ಆಟ: 180 ಪ್ರಶ್ನೆ, 720 ಅಂಕ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ, ಅರ್ಧದಷ್ಟು ಅಂಕ ಜೀವಶಾಸ್ತ್ರದ್ದು. ಪುಸ್ತಕ ಹಿಡಿದು ಕೂರೋದೇ ಕಷ್ಟ ಅನ್ನುವ ಹುಡುಗನಿಗೆ ಅದು ಹೇಳಿದ್ದಲ್ಲ.

ಕೋಚಿಂಗ್ ಕಾಲೇಜಿಗೆ ಹೋದಾಗ ಟಾಪರ್‌ಗಳ ಫ್ಲೆಕ್ಸ್ ನೋಡಬೇಡಿ. ಹತ್ತನೇ ತರಗತಿಯಲ್ಲಿ ಶೇಕಡ 70ರಿಂದ 80 ತೆಗೆದು ಸೇರಿದವರು ಎಷ್ಟು ಜನ, ಎರಡು ವರ್ಷದ ಮೇಲೆ ಅವರ ಸಿಇಟಿ ರ‍್ಯಾಂಕ್ ಎಷ್ಟು ಅಂತ ಕೇಳಿ. ಉತ್ತರ ತಡವರಿಸಿದರೆ ಅದೇ ಉತ್ತರ. ಮಧ್ಯದಲ್ಲಿ ಬಿಟ್ಟರೆ ಎರಡನೇ ವರ್ಷದ ಫೀಸು ಕಟ್ಟಬೇಕಾ ಅನ್ನೋದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಮೂರು ತಿಂಗಳೇ ನಿಜವಾದ ಪರೀಕ್ಷೆ. ವಿಷಯ ಗೊತ್ತಿರುತ್ತೆ, ಹೆಸರು ಗೊತ್ತಿರಲ್ಲ. ‘ವೇಗೋತ್ಕರ್ಷ’ ಗೊತ್ತು, ‘ಆಕ್ಸಿಲರೇಷನ್’ ಅಂದಾಗ ಪಾಠ ತಪ್ಪಿಹೋಗುತ್ತೆ. ಹತ್ತನೇ ತರಗತಿ ಗಣಿತ, ವಿಜ್ಞಾನದ ಇಂಗ್ಲಿಷ್ ಮಾಧ್ಯಮದ ಪಠ್ಯಪುಸ್ತಕ ತನ್ನಿ. ಅಧ್ಯಾಯಗಳು ಅವೇ, ಚಿತ್ರಗಳೂ ಅವೇ. ಎರಡೂ ಪುಸ್ತಕ ಪಕ್ಕಪಕ್ಕ ತೆರೆದಿಟ್ಟು ದಿನಕ್ಕೆ ನಾಲ್ಕು ಪುಟ ಓದಿಸಿ, ಹೊಸ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಡಿಪ್ಲೊಮಾಗೂ ಇದು ಬೇಕು, ಅಲ್ಲೂ ಪಾಠಪುಸ್ತಕ ಬಹುತೇಕ ಇಂಗ್ಲಿಷಿನವೇ.

ಧಾರವಾಡ ಪೇಡೆ

ಎಲ್ಲಾರೂ ಸೈನ್ಸ್, ಡಿಪ್ಲೊಮಾ ಅಂತನ ಬರದೀರಿ, ಈ ಥ್ರೆಡ್ ಬ್ಯಾರೆ ತಂದಿ ತಾಯಿನೂ ಓದ್ತಾರ ನೋಡ್ರಿ, ಅದಕ್ಕ ಎರಡು ಮಾತು. ಕಾಮರ್ಸ್ ಕೊಡಸೂದಿದ್ರ ಕಾಂಬಿನೇಷನ್ ಛಲೋತ್ನಾಗಿ ನೋಡ್ರಿ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಮಾಡೂ ವಿಚಾರ ಇದ್ರ ಬಿಎಎಸ್ಎಂ (ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಗಣಿತ) ಇಲ್ಲಾ ಎಸ್ಇಬಿಎ (ಗಣಿತದ ಬದ್ಲಿ ಅರ್ಥಶಾಸ್ತ್ರ) ತಗೋರಿ. ಸಿಎ ಫೌಂಡೇಷನ್‌ನ್ಯಾಗ ನಾಕು ಪೇಪರ್, ಅದರಾಗ ಒಂದು ಪೂರ್ತಿ ಲೆಕ್ಕ, ತರ್ಕ ಮತ್ತ ಸಂಖ್ಯಾಶಾಸ್ತ್ರ. ಒಂದೊಂದ್ರಾಗ 40, ಒಟ್ಟು ಸೇರಿ ಶೇಕಡ 50 ಬೇಕು. ಹತ್ತನೇತ್ತಾದಾಗ ಲೆಕ್ಕಕ್ಕ ಹೆದರಿ ಎಚ್ಇಬಿಎ (ಸಂಖ್ಯಾಶಾಸ್ತ್ರದ ಬದ್ಲಿ ಇತಿಹಾಸ) ತಗೊಂಡ ಮಕ್ಕಳು ಮುಂದ ಇಲ್ಲೇ ಸಿಕ್ಕೋತಾರ. ಆರ್ಟ್ಸ್ ಅಂದ್ರ ದಡ್ಡರು ಅನ್ನೂ ಮಾತು ಬಿಡ್ರಿ. ವಾದ ಮಾಡೂ ಹುಡುಗಿ, ಪೇಪರ್ ಪೂರ್ತಿ ಓದೂ ಹುಡುಗಿ ಇದ್ರ ಪಿಯುಸಿ ಆದ ಮ್ಯಾಲೆ ಐದು ವರ್ಷದ ಕಾನೂನು ಪದವಿ ಐತಿ. ಅದರ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಕ್ಲಾಟ್ ಬರೀಬೇಕಂದ್ರ ಇಂಗ್ಲಿಷ್ ಭಾಳ ಗಟ್ಟಿ ಬೇಕು.

ಚಿತ್ರ ತಗ್ಯೂ ಮಕ್ಕಳ ವಿಷಯ ಬ್ಯಾರೇನ ಐತಿ, ಅದಕ್ಕ ಇನ್ನೊಂದು ಥ್ರೆಡ್ ಆಗಬೇಕು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಸೋಪಿನ ಪರೀಕ್ಷೆ ಇವತ್ತೇ ಮಾಡಿಸಿದೆ. ಮೇಲಿನದು, ಎದುರಿನದು ಸರಿ ಬಂತು. ಪಕ್ಕದ ಚಿತ್ರದಲ್ಲಿ ಓರೆ ಮೂಲೆ ಬಿಟ್ಟಿದ್ದ, ಆಮೇಲೆ ತಾನೇ ನೋಡಿ ತಿದ್ದಿದ. ಡಿಪ್ಲೊಮಾ ಎಲೆಕ್ಟ್ರಿಕಲ್ ಕಡೆ ಮನಸ್ಸು ವಾಲಿದೆ, ಕಣ್ಣಿನ ಪರೀಕ್ಷೆ ನಾಳೆ. ಅರ್ಜಿಗೆ ಮೊದಲು ಏನೇನು ರೆಡಿ ಇರಬೇಕು? ಪಾಲಿಟೆಕ್ನಿಕ್ ಒಳ್ಳೇದಾ ಅಂತ ನೋಡೋದು ಹೇಗೆ?

ಪಾಲಿಟೆಕ್ನಿಕ್ ಕಾರಿಡಾರ್

ತಾನೇ ನೋಡಿ ತಿದ್ದಿದ ಅಂದ್ರಲ್ಲ, ಅದು ಮೊದಲ ಸಲಕ್ಕೇ ಸರಿ ಬರೆಯೋದಕ್ಕಿಂತ ಒಳ್ಳೆ ಲಕ್ಷಣ.

ಕಾಗದಪತ್ರ: ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಅದರ ಮೇಲಿನ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ತುಂಬಬೇಕಾಗುತ್ತೆ, ಹಳೇ ಆದಾಯ ಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ನಿಮ್ಮ ಮಗನಿಗೆ ಎರಡು ಮೀಸಲಾತಿ ಅನ್ವಯಿಸಬಹುದು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ. ಎರಡಕ್ಕೂ ಒಂದರಿಂದ ಹತ್ತು ಪೂರ್ತಿ ಓದಿರಬೇಕು. ಶಾಲೆಯಿಂದ ನಿಗದಿತ ನಮೂನೆಯಲ್ಲಿ ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸಬೇಕು. ಪ್ರಾಥಮಿಕ, ಪ್ರೌಢ ಎರಡು ಬೇರೆ ಶಾಲೆ ಆಗಿದ್ದರೆ ಎರಡೂ ಕಡೆಯಿಂದ ಬೇಕು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಊರಲ್ಲಿ ಇರಲ್ಲ, ಎಷ್ಟೋ ಜನಕ್ಕೆ ಸೀಟು ತಪ್ಪೋದು ಈ ಒಂದು ಸಹಿಗೆ. ಆಧಾರ್‌ನಲ್ಲಿ ಮತ್ತು ಅಂಕಪಟ್ಟಿಯಲ್ಲಿ ಹೆಸರಿನ ಇನಿಷಿಯಲ್ ಒಂದೇ ಥರ ಇದೆಯಾ ನೋಡಿ. ಬೇರೆಬೇರೆ ಇದ್ದರೆ ಆಧಾರ್ ತಿದ್ದಿಸೋದು ಸುಲಭ, ಅಂಕಪಟ್ಟಿ ತಿದ್ದಿಸೋದು ಅಲೆದಾಟ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್, ಅಲ್ಲೂ ಇದೇ ಹೆಸರಿನ ತೊಡಕು ಬರುತ್ತೆ.

ಪಾಲಿಟೆಕ್ನಿಕ್‌ಗೆ ಕೆಲಸದ ದಿನ, ಮಧ್ಯಾಹ್ನ ಲ್ಯಾಬ್ ನಡೆಯುವ ಹೊತ್ತಿಗೆ ಹೋಗಿ. ಎಲೆಕ್ಟ್ರಿಕಲ್ ಮೆಷಿನ್ ಲ್ಯಾಬಿನಲ್ಲಿ ಮೋಟಾರುಗಳ ಟರ್ಮಿನಲ್ ಮೇಲೆ ಧೂಳು ಕೂತಿದೆಯಾ, ಮೀಟರುಗಳ ಮುಳ್ಳು ಸೊನ್ನೆಗೆ ನಿಲ್ಲುತ್ತಾ, ಒಂದು ಮೆಷಿನ್ ಸುತ್ತ ಎಷ್ಟು ಹುಡುಗರು ನಿಂತಿದ್ದಾರೆ ಅಂತ ನೋಡಿ. ನಾಲ್ಕೈದು ಜನ ಇದ್ದರೆ ಎಲ್ಲರ ಕೈಗೂ ಕೆಲಸ ಸಿಗುತ್ತೆ. ಹತ್ತು ಹದಿನೈದು ಇದ್ದರೆ ಮುಂದಿನವರಿಬ್ಬರು ವೈರಿಂಗ್ ಮಾಡುತ್ತಾರೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಕೊನೆ ಸೆಮಿಸ್ಟರಿನ ಇಬ್ಬರು ಹುಡುಗರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ, ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರಿ, ಕಾಲೇಜಿನವರು ಕಳಿಸಿದ್ರಾ ಅಥವಾ ನೀವೇ ಹುಡುಕಿಕೊಂಡ್ರಾ ಅಂತ ಕೇಳಿ. ಮಗನನ್ನೂ ಕರ್ಕೊಂಡು ಹೋಗಿ, ಪ್ರಶ್ನೆ ಅವನೇ ಕೇಳಲಿ.